ಸೂರ್ಯಾಸ್ತ ದರ್ಶನವೂ ರಾತ್ರಿಭೋಜನ ತ್ಯಾಗವೂ

ರಾತ್ರಿಭೋಜನ ತ್ಯಾಗವನ್ನು ಕೈಕೊಂಡ ಶ್ರಾವಕನೊಬ್ಬನು ಸಮುದ್ರತೀರದ ಎತ್ತರವಾದ ಬಂಡೆಯ ಮೇಲೆ ನಿಂತಿದ್ದಾನೆಂದು ಭಾವಿಸಬಹುದು. ಕೆಳಗೆ ಮರಳದಂಡೆಯಲ್ಲಿರುವವರಿಗೆ ಸೂರ್ಯನು ಆಗಲೇ ಮರೆಯಾಗಿದ್ದಾನೆ. ಮೇಲೆ ನಿಂತ ಈತನ ಕಣ್ಣಿಗೆ ಮಾತ್ರ ಕೆಂಪು ಗೆರೆಯೊಂದು ನೀರಿನ ಮೇಲೆ ಇನ್ನೂ ಉಳಿದಿದೆ. ಕೈಯಲ್ಲಿ ಬುತ್ತಿಯಿದೆ, ಹೊಟ್ಟೆಯಲ್ಲಿ ಹಸಿವಿದೆ. ಈತನಿಗೆ ಇದು ಹಗಲೋ, ಇರುಳೋ? ಒಂದೇ ಊರು, ಒಂದೇ ಹೊತ್ತು. ನಿಂತ ನೆಲ ಎತ್ತರವಾಯಿತೆಂಬ ಮಾತ್ರಕ್ಕೆ ಒಬ್ಬನ ಹಗಲು ಮತ್ತೊಬ್ಬನ ಹಗಲಿಗಿಂತ ದೀರ್ಘವಾಗುವುದೇ? ಆಗುವುದಾದರೆ ವ್ರತವು ಸೂರ್ಯನನ್ನು ಆಶ್ರಯಿಸಿದೆಯೋ, ಕಣ್ಣನ್ನು ಆಶ್ರಯಿಸಿದೆಯೋ, ಇಲ್ಲವೇ ಕಾಲಡಿಯ ಕಲ್ಲನ್ನೋ?

ಇದು ಕೇವಲ ತರ್ಕವಿನೋದದ ಪ್ರಶ್ನೆಯಲ್ಲ. ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿಗಳಂಥ ಒಳನಾಡಿನ ಊರುಗಳಿಂದ ಶ್ರಾವಕ ಕುಟುಂಬಗಳು ತುಳುನಾಡಿನ ತೀರ್ಥಯಾತ್ರೆಗೆ ಹೊರಟಾಗ ಅದು ಸಹಜವಾಗಿಯೇ ಏಳುತ್ತದೆ. ಮೂಡಬಿದರೆಯ ಸಾವಿರ ಕಂಬದ ಬಸದಿ, 1432ರಲ್ಲಿ ಪ್ರತಿಷ್ಠೆಗೊಂಡ ಕಾರ್ಕಳದ ಗೊಮ್ಮಟ, 1604ರ ವೇಣೂರಿನ ಬಾಹುಬಲಿ, ಇವುಗಳ ದರ್ಶನ ಮುಗಿದ ಮೇಲೆ ಮಕ್ಕಳಿಗೆ ಕಡಲನ್ನು ತೋರಿಸದೆ ಹಿಂದಿರುಗುವವರು ವಿರಳ. ಕಾಪುವಿನ ದೀಪಸ್ತಂಭವನ್ನು ಹೊತ್ತ ಬಂಡೆ, ಗೋಕರ್ಣದಲ್ಲಿ ಓಂ ಕಡಲತೀರದ ಮೇಲಿನ ಕಡಿದಾದ ಕಲ್ಲುದಿಬ್ಬಗಳು, ಘಟ್ಟದ ನೆತ್ತಿಯಲ್ಲಿ ಆಗುಂಬೆಯ ಸೂರ್ಯಾಸ್ತದ ಕಟ್ಟೆ, ಎಲ್ಲೆಡೆಯೂ ಜನ ಸಾಯಂಕಾಲವೇ ಸೇರುತ್ತಾರೆ. ಸಾಯಂಕಾಲವೆಂದರೆ ವ್ರತಿಯ ಊಟದ ಹೊತ್ತು. ನೋಡಬೇಕೋ, ಉಣ್ಣಬೇಕೋ ಎಂಬ ಇಕ್ಕಟ್ಟು ಅಲ್ಲಿಯೇ ಹುಟ್ಟುತ್ತದೆ. ಎರಡನ್ನೂ ಒಟ್ಟಿಗೆ ಮಾಡುವ ಆಸೆಯೂ ಅಲ್ಲಿಯೇ ಹುಟ್ಟುತ್ತದೆ.

ಒಳನಾಡಿನವರಿಗೆ ಸೂರ್ಯಾಸ್ತವು ನೋಡುವ ವಸ್ತುವಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಬಂದು ಎರೆಹೊಲಗಳು ಗದ್ದೆಗಳಾದ ಸಿಂಧನೂರಿನ ಬಯಲಿನಲ್ಲಿ ಸೂರ್ಯನು ಭತ್ತದ ಅಂಚಿಗೆ ಇಳಿದು ಕಾಣದಾಗುತ್ತಾನೆ, ಯಾರೂ ತಲೆಯೆತ್ತುವುದಿಲ್ಲ. ಮಸ್ಕಿಯ ಸ್ಥಿತಿ ಬೇರೆ. ಅಲ್ಲಿ ಊರಿಗೆ ಅಂಟಿಕೊಂಡೇ ಬಂಡೆಗುಡ್ಡಗಳಿವೆ. ದೇವಾನಾಂಪ್ರಿಯನೆಂಬ ಬಿರುದಿನೊಡನೆ ಅಶೋಕನ ಹೆಸರನ್ನೂ ಜಗತ್ತಿಗೆ ಮೊದಲು ತೋರಿಸಿಕೊಟ್ಟ, 1915ರಲ್ಲಿ ಬೆಳಕಿಗೆ ಬಂದ ಶಾಸನವು ಅಲ್ಲಿಯ ಬಂಡೆಯೊಂದರ ಮೇಲಿದೆ. ಗುಡ್ಡದ ಮೂಡಣ ತಪ್ಪಲಿನಲ್ಲಿ ಇದ್ದ ಯಾವ ಮನೆಗಾದರೂ ಸೂರ್ಯನು ನಿಜವಾಗಿ ಮುಳುಗುವುದಕ್ಕೆ ಬಹಳ ಮೊದಲೇ ಕಲ್ಲಿನ ಹಿಂದೆ ಸರಿದುಬಿಡುತ್ತಾನೆ. ಆದರೂ ಆ ಮನೆಯ ಶ್ರಾವಿಕೆ ಗುಡ್ಡದ ನೆರಳು ಅಂಗಳಕ್ಕೆ ಬಿದ್ದೊಡನೆ ರಾತ್ರಿಯಾಯಿತೆಂದು ತಟ್ಟೆಯನ್ನು ಎತ್ತಿಡುವುದಿಲ್ಲ. ಆಕಾಶದಲ್ಲಿ ಬೆಳಕಿದೆ, ಅನ್ನದಲ್ಲಿ ಕೂದಲಿದ್ದರೂ ಕಾಣುತ್ತದೆ, ಪಂಚಾಂಗದ ಹೊತ್ತು ಇನ್ನೂ ಮೀರಿಲ್ಲ. ಅವಳ ಊಟಕ್ಕೆ ದೋಷವಿಲ್ಲವೆಂಬುದನ್ನು ಯಾರೂ ಅಲ್ಲಗಳೆಯಲಾರರು.

ಇಷ್ಟನ್ನು ಒಪ್ಪಿದ ಮೇಲೆ ಕಡಲ ಬಂಡೆಯ ಶ್ರಾವಕನ ವಾದವು ಅರ್ಧಕ್ಕೆ ಅರ್ಧ ಬಿದ್ದುಹೋಗುತ್ತದೆ. ಸೂರ್ಯನು ಕಣ್ಣಿಗೆ ಕಾಣದಿರುವುದು ಗುಡ್ಡದ ತಪ್ಪಲಿನಲ್ಲಿ ರಾತ್ರಿಯನ್ನು ಉಂಟುಮಾಡದಿದ್ದರೆ, ಸೂರ್ಯನು ಕಣ್ಣಿಗೆ ಕಾಣುತ್ತಿರುವುದೊಂದೇ ಬಂಡೆಯ ತುದಿಯಲ್ಲಿ ಹಗಲನ್ನು ಉಂಟುಮಾಡಲಾರದು. ಲಾಭವಾದಾಗ ಕಣ್ಣನ್ನು ಪ್ರಮಾಣವೆನ್ನುವುದು, ನಷ್ಟವಾದಾಗ ಪಂಚಾಂಗವನ್ನು ಪ್ರಮಾಣವೆನ್ನುವುದು ವರ್ತಕನ ತಕ್ಕಡಿಗೂ ಒಪ್ಪುವ ನೀತಿಯಲ್ಲ.

ಹಾಗಾದರೆ ಎತ್ತರದಿಂದ ದೊರೆಯುವ ಹೆಚ್ಚಿನ ಹಗಲಾದರೂ ಎಷ್ಟು? ಲೆಕ್ಕ ಹಾಕಿದರೆ ನಗು ಬರುತ್ತದೆ. ಸಮುದ್ರಮಟ್ಟದಿಂದ 20 ಮೀಟರು ಎತ್ತರದಲ್ಲಿ ನಿಂತವನಿಗೆ ಸೂರ್ಯನು ಅರ್ಧ ನಿಮಿಷದಷ್ಟು ತಡವಾಗಿ ಮುಳುಗುತ್ತಾನೆ. 100 ಮೀಟರಾದರೆ ಒಂದು ನಿಮಿಷಕ್ಕಿಂತ ತುಸು ಹೆಚ್ಚು. 600 ಮೀಟರಿಗೂ ಮೀರಿದ ಆಗುಂಬೆಯ ನೆತ್ತಿಯಿಂದ ದೂರದ ಕಡಲು ಸ್ಪಷ್ಟವಾಗಿ ಕಂಡ ದಿನವೂ ಲಾಭ ಮೂರು ನಿಮಿಷದ ಆಸುಪಾಸು. ಊರಿನಿಂದ ಊರಿಗಿರುವ ಅಂತರ ಇದಕ್ಕಿಂತ ದೊಡ್ಡದು. ಮಸ್ಕಿಗಿಂತ ಗೋಕರ್ಣವು ಪಶ್ಚಿಮಕ್ಕೆ ಎರಡು ಡಿಗ್ರಿಗಿಂತ ಹೆಚ್ಚು ಸರಿದಿರುವುದರಿಂದ, ಹಗಲಿರುಳು ಸಮನಾದ ದಿನಗಳಲ್ಲಿ ಅಲ್ಲಿ ಸೂರ್ಯಾಸ್ತವು ಸುಮಾರು 9 ನಿಮಿಷ ತಡ. ಬೆಂಗಳೂರಿನ ಹೊತ್ತನ್ನು ಅಚ್ಚು ಹಾಕಿದ ಗೋಡೆಯ ಕ್ಯಾಲೆಂಡರನ್ನು ಮಸ್ಕಿಯಲ್ಲಿ ನೇತುಹಾಕಿದವನು ಆ ದಿನಗಳಲ್ಲಿ ನಾಲ್ಕು ನಿಮಿಷ ಮುಂಚಿತವಾಗಿಯೇ ಕೈತೊಳೆದುಕೊಳ್ಳುತ್ತಾನೆ. ಯಾತ್ರಿಕನು ತಾನಿರುವ ಕ್ಷೇತ್ರದ ಸೂರ್ಯಾಸ್ತವನ್ನೇ ಅನುಸರಿಸಬೇಕೆಂಬುದು ಯುಕ್ತ. ಆದರೆ ಇಂಥ ಲೆಕ್ಕಗಳು ಯಾರಿಗೆ ಬೇಕು? ಗೆರೆಯ ಮೇಲೆಯೇ ಕಾಲಿಟ್ಟು ನಡೆಯುವವನಿಗೆ ಮಾತ್ರ.

ಆಚಾರ್ಯರು ಶ್ರಾವಕನನ್ನು ಆ ಗೆರೆಯ ಮೇಲೆ ನಡೆಯಲು ಬಿಟ್ಟಿಲ್ಲ. ಹದಿಮೂರನೆಯ ಶತಮಾನದ ಪಂಡಿತ ಆಶಾಧರನು ಸಾಗಾರ ಧರ್ಮಾಮೃತದಲ್ಲಿ ದಿನದ ಮೊದಲ ಮುಹೂರ್ತವನ್ನೂ ಕೊನೆಯ ಮುಹೂರ್ತವನ್ನೂ ಭೋಜನಕ್ಕೆ ವರ್ಜ್ಯವೆಂದು ಎಣಿಸಿದ್ದಾನೆ. ಶ್ವೇತಾಂಬರ ಪರಂಪರೆಯ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಅದನ್ನೇ ಎರಡೆರಡು ಘಳಿಗೆಗಳೆಂದು ಹೇಳಿದ್ದಾರೆ. ಘಳಿಗೆಗೆ 24 ನಿಮಿಷ. ಎರಡು ಘಳಿಗೆಗೆ 48. ವ್ಯಾಪಾರಕ್ಕಾಗಿ ಬಂದು ಈ ಭಾಗದಲ್ಲಿ ನೆಲಸಿದ ಮಾರವಾಡದ ಜೈನರ ಮನೆಗಳಲ್ಲಿ ನವಕಾರಸಿಯೆಂದು ಬೆಳಿಗ್ಗೆ ಕಾಯುವ ಹೊತ್ತೂ ಇದೇ 48 ನಿಮಿಷ. ಸಂಪ್ರದಾಯ ಎರಡಾದರೂ ಅಳತೆ ಒಂದೇ ಆಗಿರುವುದು ಗಮನಾರ್ಹ. ನಲವತ್ತೆಂಟು ನಿಮಿಷದ ಬೇಲಿಯನ್ನು ಹಾಕಿಕೊಂಡವನಿಗೆ ಬಂಡೆಯ ಎತ್ತರದ ಒಂದು ನಿಮಿಷದ ಗೊಡವೆಯೇ ಇಲ್ಲ. ಮನಸ್ಸಿನ ಶುದ್ಧಿ ಕದಡುವುದು ಅತಿಕ್ರಮ, ಶೀಲದ ಬೇಲಿಯನ್ನು ದಾಟುವುದು ವ್ಯತಿಕ್ರಮ, ವಿಷಯದಲ್ಲಿ ಪ್ರವರ್ತಿಸುವುದು ಅತಿಚಾರ, ಅದರಲ್ಲಿ ಆಸಕ್ತನಾಗಿ ಮುಳುಗುವುದು ಅನಾಚಾರ ಎಂದು ಅಮಿತಗತಿ ಆಚಾರ್ಯರು ನಾಲ್ಕು ಮೆಟ್ಟಿಲುಗಳನ್ನು ಹೇಳಿದ್ದಾರೆ. ಬುತ್ತಿಯನ್ನು ಹಿಡಿದುಕೊಂಡು ಕೆಂಪು ಗೆರೆಯನ್ನು ಅಳೆಯುತ್ತಿರುವವನು ಇನ್ನೂ ಏನನ್ನೂ ತಿಂದಿಲ್ಲ, ನಿಜ. ಮೊದಲ ಮೆಟ್ಟಿಲನ್ನು ಮಾತ್ರ ಇಳಿದಾಗಿದೆ.

ಇಲ್ಲೊಂದು ಶಂಕೆ ಬರುವುದುಂಟು. ಎರಡು ಘಳಿಗೆ ಮೊದಲೇ ಊಟ ಮುಗಿಸುವುದು ಕೂಲಿಗೆ ಹೋದವಳಿಗೆ, ಅಂಗಡಿಯ ಗುಮಾಸ್ತನಿಗೆ, ಶಾಲೆಯಿಂದ ದೂರದ ಹಾದಿ ನಡೆದು ಬರುವ ಮಗುವಿಗೆ ಸಾಧ್ಯವೇ? ಸಾಧ್ಯವಿಲ್ಲದಿರಬಹುದು. ತ್ಯಾಗವು ಶಕ್ತಿಗೆ ತಕ್ಕಂತೆ ಇರಬೇಕೆಂಬುದು ಜಿನಾಗಮಕ್ಕೆ ಸಮ್ಮತವಾದ ಮಾತು. ಸೂರ್ಯಾಸ್ತಕ್ಕೆ ಮೊದಲು ಕೈತೊಳೆಯುವಷ್ಟು ಮಾತ್ರ ಶಕ್ಯವಿದ್ದವರು ಅಷ್ಟನ್ನೇ ನಿಷ್ಠೆಯಿಂದ ಪಾಲಿಸಲಿ. ಮಧುಮೇಹಕ್ಕಾಗಿ ರಾತ್ರಿ ಔಷಧದೊಡನೆ ಏನಾದರೂ ತಿನ್ನಲೇಬೇಕಾದವರು ವೈದ್ಯರ ಮಾತನ್ನು ಮೀರಿ ದೇಹವನ್ನು ಕೆಡಿಸಿಕೊಳ್ಳದಿರಲಿ. ಹಿರಿಯರು ತಮ್ಮ ಕಠಿಣವಾದ ನೇಮವನ್ನು ಮೊಮ್ಮಕ್ಕಳ ತಲೆಗೆ ಕಟ್ಟಿ ವ್ರತವನ್ನು ಬೇಸರದ ವಸ್ತುವನ್ನಾಗಿ ಮಾಡಿರುವ ಮನೆಗಳೂ ಇಲ್ಲದಿಲ್ಲ.

ವಿಚಾರದ ತಿರುಳು ಇರುವುದು ಬೇರೊಂದು ಕಡೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾವ್ರತವನ್ನು ಸ್ಥಿರಗೊಳಿಸುವ ಐದು ಭಾವನೆಗಳನ್ನು ಎಣಿಸುವಾಗ ಉಮಾಸ್ವಾಮಿಗಳು ‘ಆಲೋಕಿತ ಪಾನಭೋಜನ’ವೆಂಬುದನ್ನು ಸೇರಿಸಿದ್ದಾರೆ. ರಾತ್ರಿಭೋಜನ ವಿರಮಣವೆಂಬುದು ಆರನೆಯ ಅಣುವ್ರತವಾಗಿ ಇದೆಯಲ್ಲ, ಅದನ್ನೂ ಎಣಿಸಬೇಕಿತ್ತಲ್ಲವೇ ಎಂಬ ಶಂಕೆಯನ್ನು ಸರ್ವಾರ್ಥಸಿದ್ಧಿಯಲ್ಲಿ ತಾವೇ ಎತ್ತಿಕೊಂಡ ಪೂಜ್ಯಪಾದರು, ಅದು ಈ ಭಾವನೆಯಲ್ಲಿಯೇ ಅಡಗಿದೆಯೆಂದು ಸಮಾಧಾನ ಹೇಳುತ್ತಾರೆ. ಆಲೋಕಿತವೆಂದರೆ ನೋಡಿದ್ದು, ಚೆನ್ನಾಗಿ ಕಂಡದ್ದು. ತಟ್ಟೆಯಲ್ಲಿರುವುದನ್ನು ಕಂಡು ಉಣ್ಣುವುದು, ಲೋಟದಲ್ಲಿರುವುದನ್ನು ಕಂಡು ಕುಡಿಯುವುದು. ಸೂರ್ಯನ ಬೆಳಕು ಈ ನೋಟಕ್ಕೆ ಸಾಧನವಾದ ಕಾರಣದಿಂದಲೇ ವ್ರತಕ್ಕೆ ಸೂರ್ಯನ ಸಂಬಂಧ ಬಂದಿತು.

ಈ ದೃಷ್ಟಿಯಿಂದ ಬಂಡೆಯ ಮೇಲಿನ ಜನರನ್ನು ನೋಡಬೇಕು. ಎಲ್ಲರ ಕಣ್ಣೂ ಪಡುವಣಕ್ಕೆ ನೆಟ್ಟಿದೆ. ಕೈ ಮಾತ್ರ ಚುರುಮುರಿಯ ಪೊಟ್ಟಣಕ್ಕೆ, ಶೇಂಗಾದ ಪೊಟ್ಟಣಕ್ಕೆ ತಾನೇ ತಾನಾಗಿ ಹೋಗಿ ಬರುತ್ತಿದೆ. ತಿನ್ನುತ್ತಿರುವುದು ಹಗಲಿನಲ್ಲಿ, ಬಯಲಿನಲ್ಲಿ, ದಿನದ ಅತ್ಯಂತ ಸುಂದರವಾದ ಬೆಳಕಿನಲ್ಲಿ. ಆದರೂ ಯಾರೊಬ್ಬನೂ ತಿನ್ನುವುದನ್ನು ನೋಡುತ್ತಿಲ್ಲ. ಪೊಟ್ಟಣದಲ್ಲಿ ಇರುವೆ ಹತ್ತಿದ್ದರೂ ಅದು ಬಾಯಿಗೆ ಹೋಗುತ್ತದೆ. ಸೂರ್ಯನಿದ್ದಾನೆ, ಆಲೋಕನವಿಲ್ಲ. ಇಂಥ ಊಟಕ್ಕೆ ದಿವಾಭೋಜನವೆಂಬ ಹೆಸರು ಸಲ್ಲಬಹುದು. ಆಲೋಕಿತ ಭೋಜನವೆಂಬ ಹೆಸರು ಸಲ್ಲುವುದಿಲ್ಲ.

ಬೆಳಕೇ ಮುಖ್ಯವಾದರೆ ವಿದ್ಯುದ್ದೀಪ ಬಂದಿರುವ ಈ ಕಾಲದಲ್ಲಿ ರಾತ್ರಿಯೂ ಕಾಣುತ್ತದಲ್ಲ ಎಂದು ಕೇಳುವವರಿದ್ದಾರೆ. ಅವರು ಮುಂಗಾರಿನ ಬೆಳೆ ತೆನೆಗಟ್ಟುವ ದಿನಗಳಲ್ಲಿ ಸಿಂಧನೂರಿನ ಕಡೆ ಒಂದು ಸಂಜೆ ದೀಪದ ಕೆಳಗೆ ಕುಳಿತು ನೋಡಬೇಕು. ಭತ್ತದ ಗದ್ದೆಯ ಹಸಿರು ಜಿಗಿಹುಳು, ಕಂದು ಜಿಗಿಹುಳುಗಳು ದೀಪದ ಬೆಳಕಿಗೆ ಮುತ್ತುವ ಸ್ವಭಾವದವು. ದೀಪ ಹೆಚ್ಚು ಪ್ರಖರವಾದಷ್ಟೂ ಹುಳು ಹೆಚ್ಚು. ಹಗಲಿನ ಬೆಳಕು ಜೀವಿಯನ್ನು ತೋರಿಸುತ್ತದೆ. ದೀಪದ ಬೆಳಕು ಜೀವಿಯನ್ನು ಕರೆದು ತಂದು ಅನ್ನಕ್ಕೆ ಬೀಳಿಸುತ್ತದೆ. ಸೂರ್ಯನ ಬೆಳಕಿಲ್ಲದೆ ಉಣ್ಣುವವನು ದೀಪ ಹಚ್ಚಿದರೂ ಅನ್ನಕ್ಕೆ ಸೇರಿದ ಸೂಕ್ಷ್ಮಜೀವಿಗಳ ಹಿಂಸೆಯನ್ನು ಹೇಗೆ ತಪ್ಪಿಸಿಯಾನೆಂದು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅಮೃತಚಂದ್ರ ಸೂರಿಗಳು ಎತ್ತಿದ ಆಕ್ಷೇಪಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಬಿಳಿಯ ಬೆಳಕಿನ ದೀಪಗಳು ಬಂದ ಮೇಲೆ ವಾದವು ದುರ್ಬಲವಾಗಿಲ್ಲ.

ಇನ್ನು ನೋಡುವ ವಿಚಾರ. ವ್ರತಿಯಾದವನು ಸೂರ್ಯಾಸ್ತದ ಚೆಲುವನ್ನು ನೋಡಿ ಸಂತೋಷಪಡುವುದೇ ತಪ್ಪೇ? ಚೆಲುವೆಂಬುದೇ ರಾಗಕ್ಕೆ ಕಾರಣವಲ್ಲವೇ? ಕನ್ನಡದಲ್ಲಿ ಸಂಜೆಯ ಕೆಂಪಿಗೂ ರಾಗವೆಂದೇ ಹೆಸರು, ಮನಸ್ಸಿನ ಅಂಟಿಗೂ ರಾಗವೆಂದೇ ಹೆಸರು. ಆದರೆ ಕೆಂಪು ಆಕಾಶದಲ್ಲಿದೆ, ಅಂಟು ನೋಡುವವನಲ್ಲಿದೆ. ಕಣ್ಣಿಗೆ ಬಿದ್ದ ರೂಪವನ್ನು ಕಾಣದಿರಲು ಕಣ್ಣುಳ್ಳವನಿಗೆ ಸಾಧ್ಯವಿಲ್ಲ. ಅದರ ಬಗ್ಗೆ ಬೇಕು ಬೇಡಗಳನ್ನು ಬೆಳೆಸದಿರಲು ಸಾಧ್ಯ. ಜೈನ ಪುರಾಣಗಳಲ್ಲಿ ಮೋಡದ ಚಿತ್ತಾರ ಕರಗಿದ್ದನ್ನು ಕಂಡೇ ವೈರಾಗ್ಯ ತಾಳಿದ ಅರಸರ ಕಥೆಗಳು ಹಲವು. ಅವರು ಕಣ್ಣು ಮುಚ್ಚಿಕೊಂಡಿದ್ದರೆ ಆ ವೈರಾಗ್ಯವೂ ಬರುತ್ತಿರಲಿಲ್ಲ. ಸೌಂದರ್ಯವನ್ನು ದೂರವಿಟ್ಟರೆ ವ್ರತ ಉಳಿಯುತ್ತದೆಂಬುದು ಅಂಜುಬುರುಕರ ಮಾತು.

ಸಮುದ್ರದ ಮೇಲಿನ ಸೂರ್ಯಾಸ್ತದಲ್ಲಿ ಖಗೋಳದ ಒಂದು ಸೋಜಿಗವಿದೆ. ಅಂಚಿನ ಬಳಿ ಬೆಳಕು ದಟ್ಟವಾದ ಗಾಳಿಯಲ್ಲಿ ಹಾದು ಬರುವಾಗ ಬಾಗುತ್ತದೆ. ಆ ಬಾಗು ಅರ್ಧ ಡಿಗ್ರಿಗಿಂತ ತುಸು ಹೆಚ್ಚು. ಸೂರ್ಯಬಿಂಬದ ಅಗಲವೂ ಸರಿಸುಮಾರು ಅರ್ಧ ಡಿಗ್ರಿಯೇ. ಹೀಗಾಗಿ ಬಿಂಬದ ಕೆಳ ಅಂಚು ನೀರನ್ನು ಮುಟ್ಟಿದಂತೆ ಕಾಣುವ ಹೊತ್ತಿಗೆ ನಿಜವಾದ ಸೂರ್ಯನು ಹೆಚ್ಚುಕಡಿಮೆ ಪೂರ್ತಿಯಾಗಿ ಕೆಳಗಿಳಿದಿರುತ್ತಾನೆ. ಆಮೇಲಿನ ಎರಡು ನಿಮಿಷಕ್ಕೂ ಮಿಕ್ಕ ಕಾಲ ಜನರು ಉಸಿರು ಬಿಗಿಹಿಡಿದು ನೋಡುವುದು ಸೂರ್ಯನನ್ನಲ್ಲ, ಗಾಳಿಯು ಎತ್ತಿ ಹಿಡಿದ ಅವನ ರೂಪವನ್ನು. ಪಂಪನು 941ರಲ್ಲಿ ರಚಿಸಿದ ಆದಿಪುರಾಣವನ್ನು ಓದಿದವರಿಗೆ ಇಲ್ಲಿ ನೀಲಾಂಜನೆಯ ನೆನಪಾಗದಿರದು. ಆದಿದೇವನ ಸಭೆಯಲ್ಲಿ ನರ್ತಿಸುತ್ತಿದ್ದಂತೆಯೇ ಅವಳ ಆಯುಷ್ಯ ತೀರುತ್ತದೆ. ರಸಭಂಗವಾಗದಿರಲೆಂದು ಇಂದ್ರನು ಆ ಕ್ಷಣವೇ ಅಂಥದೇ ಮತ್ತೊಂದು ರೂಪವನ್ನು ಅಲ್ಲಿ ನಿಲ್ಲಿಸುತ್ತಾನೆ. ಸಭೆಗೆ ತಿಳಿಯುವುದಿಲ್ಲ. ಕುಣಿತ ಮುಂದುವರಿಯುತ್ತದೆ. ಒಬ್ಬ ವೃಷಭದೇವನಿಗೆ ಮಾತ್ರ ಹೋದದ್ದು ಹೋಯಿತೆಂದು ಕಾಣುತ್ತದೆ. ಆತನೂ ಸಭೆಯವರಂತೆ ಅದೇ ನೃತ್ಯವನ್ನು ಅದೇ ಕಣ್ಣಿನಿಂದ ನೋಡುತ್ತಿದ್ದವನೇ. ನೋಡುವುದನ್ನು ಬಿಟ್ಟು ಆತನು ಅದನ್ನು ಅರಿಯಲಿಲ್ಲ, ಹೆಚ್ಚು ಚೆನ್ನಾಗಿ ನೋಡಿ ಅರಿತನು.

ಆ ಬಾಗಿದ ಬೆಳಕನ್ನು ನೆಚ್ಚಿ ಇನ್ನೊಂದು ತುತ್ತು ಎತ್ತುವವನು ಸಭೆಯವರ ಸಾಲಿನಲ್ಲಿ ಕುಳಿತಿದ್ದಾನೆ. ಸಿಂಧನೂರಿನಿಂದ ಹೋದ ಕುಟುಂಬವೊಂದನ್ನು ಊಹಿಸಿಕೊಳ್ಳುವುದಾದರೆ ಅಲ್ಲಿ ಹೀಗೆ ಮಾತು ನಡೆದೀತು. ಅಜ್ಜಿ ಐದು ಗಂಟೆಗೇ ಬಸ್ಸಿನ ಬಳಿ ಕುಳಿತು, ರೊಟ್ಟಿಯನ್ನು ಮುರಿದು ಮುರಿದು ನೋಡಿ ಉಂಡು ಮುಗಿಸಿದ್ದಾಳೆ. ಬಂಡೆಯ ಮೇಲೆ ಮೊಮ್ಮಗನು, “ಅಜ್ಜಿ, ಸೂರ್ಯ ಇನ್ನೂ ಕಾಣ್ತಾನಲ್ಲ, ಒಂದು ಉಂಡಿ ತಿನ್ನಬಹುದಲ್ಲ?” ಎನ್ನುತ್ತಾನೆ. “ನೋಡೋದಕ್ಕ ನೇಮ ಇಲ್ಲಪ್ಪ, ತಿನ್ನೋದಕ್ಕ ಐತಿ. ನೀ ನೋಡು,” ಎಂದು ಅವಳು ತಾನೂ ನೋಡುತ್ತಾಳೆ. ಉಂಡವಳಾದ್ದರಿಂದ ಅವಳಿಗೆ ಸೂರ್ಯನಿಂದ ಬೇಕಾದುದು ಏನೂ ಇಲ್ಲ. ಇನ್ನೆರಡು ನಿಮಿಷ ನಿಲ್ಲಲಿ ಎಂಬ ಆಸೆಯೂ ಇಲ್ಲ, ಬೇಗ ಮುಳುಗಲಿ ಎಂಬ ಆತುರವೂ ಇಲ್ಲ. ಬಂಡೆಯ ಮೇಲೆ ನೆರೆದವರೆಲ್ಲರಲ್ಲಿ ಸೂರ್ಯಾಸ್ತವನ್ನು ನಿರಾಳವಾಗಿ ನೋಡಲು ಬಿಡುವಿರುವುದು ಬಹುಶಃ ಅವಳಿಗೊಬ್ಬಳಿಗೇ.

ದಿಗ್ವ್ರತದ ಮಾತನ್ನೂ ಇಲ್ಲಿ ನೆನೆಯಬೇಕು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥನು ತನ್ನ ಸಂಚಾರಕ್ಕೆ ಹಾಕಿಕೊಳ್ಳಬಹುದಾದ ಎಲ್ಲೆಗಳನ್ನು ಹೇಳುವಾಗ ಸಮುದ್ರವನ್ನು ಮೊದಲು ಹೇಳಿ, ನದಿ, ಅಡವಿ, ಬೆಟ್ಟ, ನಾಡು, ಯೋಜನಗಳನ್ನು ಆಮೇಲೆ ಹೇಳುತ್ತಾರೆ. ಆ ವ್ರತದ ಅತಿಚಾರಗಳನ್ನು ವಿವರಿಸುವ ಪೂಜ್ಯಪಾದರು ಪರ್ವತವೇ ಮೊದಲಾದವನ್ನು ಹತ್ತುವುದರಿಂದ ಮೇಲಿನ ಎಲ್ಲೆಯನ್ನೂ, ಬಾವಿಯೇ ಮೊದಲಾದವಕ್ಕೆ ಇಳಿಯುವುದರಿಂದ ಕೆಳಗಿನ ಎಲ್ಲೆಯನ್ನೂ ಮೀರುವುದುಂಟೆಂದು ಎಚ್ಚರಿಸಿದ್ದಾರೆ. ಎತ್ತರ ಆಳಗಳೂ ವ್ರತದ ವಿಷಯಗಳೇ ಎಂಬುದು ಅವರ ಗಮನಕ್ಕೆ ಬಂದಿತ್ತು. ಸಿಂಧನೂರಿಗೆ ನೈರುತ್ಯದಲ್ಲಿರುವ ಕೊಪ್ಪಳದ ಗುಡ್ಡಗಳನ್ನು ಜೈನರು ಹತ್ತಿದ್ದಾರೆ. ಪಾಲ್ಕಿಗುಂಡಿನ ಬಂಡೆಯ ಮೇಲೆ ವರಾಂಗಚರಿತದ ಕವಿ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನು ಕೆತ್ತಿಸಿದ ಶಾಸನವಿದೆ. ಸಮಾಧಿಮರಣಕ್ಕೆ ಹೆಸರಾದ ಆ ಕೊಪಣತೀರ್ಥದ ಬಂಡೆಗಳನ್ನು ಹತ್ತಿದವರು ಹಗಲನ್ನು ಹಿಗ್ಗಿಸಿಕೊಳ್ಳಲು ಹತ್ತಿದವರಲ್ಲ.

ಎತ್ತರದ ಪ್ರಶ್ನೆಗಿಂತ ಆಳದ ಪ್ರಶ್ನೆ ಕಠಿಣವಾದುದು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿಯಿದೆ. 2001ರಲ್ಲಿ ಕೋಲಾರದ ಗಣಿಗಳು ಮುಚ್ಚಿದ ಮೇಲೆ ನಾಡಿನಲ್ಲಿ ಭೂಗರ್ಭದಿಂದ ಚಿನ್ನ ತೆಗೆಯುವ ಪ್ರಮುಖ ಗಣಿಯಾಗಿ ಉಳಿದುದು ಅದು. ನೂರಾರು ಮೀಟರು ಆಳದಲ್ಲಿ, ಮಧ್ಯಾಹ್ನ ಇಳಿದು ರಾತ್ರಿ ಮೇಲೆ ಬರುವ ಪಾಳಿಯಲ್ಲಿ ದುಡಿಯುವವನೊಬ್ಬನು ಈ ವ್ರತವನ್ನು ಬಯಸಿದರೆ ಅವನಿಗೆ ಸೂರ್ಯಾಸ್ತವೆಲ್ಲಿ? ಅವನ ಕಣ್ಣಿಗೆ ಹಗಲೂ ಕತ್ತಲೆಯೇ. ತಲೆಯ ಮೇಲಿನ ದೀಪವೇ ಸೂರ್ಯ. ಬಂಡೆಯ ಮೇಲಿನವನು ಕಣ್ಣಿನ ಪ್ರಮಾಣದಿಂದ ಹಗಲನ್ನು ಗಳಿಸುವುದಾದರೆ, ಇವನು ಅದೇ ಪ್ರಮಾಣದಿಂದ ಎಲ್ಲ ಹಗಲನ್ನೂ ಕಳೆದುಕೊಳ್ಳಬೇಕಾಗುತ್ತದೆ. ಇವನು ಮೇಲಿನ ಲೋಕದ ಗಡಿಯಾರವನ್ನೇ ನಂಬಬೇಕು. ಇಳಿಯುವ ಮುನ್ನ ಉಂಡುಹೋಗಿ, ಮೇಲೆ ಬಂದ ಮೇಲೆ ನೀರೊಂದನ್ನೇ ಕುಡಿದು ಮಲಗುವ ಶಕ್ತಿ ದೇಹಕ್ಕಿದ್ದರೆ ಸರಿ. ಅಷ್ಟು ದುಡಿದ ದೇಹಕ್ಕೆ ಅದು ದಿನವೂ ಸಾಧ್ಯವಾಗಲಾರದು. ಅದಕ್ಕಾಗಿಯೇ ಸಮಂತಭದ್ರರು ಯಾವಜ್ಜೀವದ ಯಮವನ್ನೂ ಪರಿಮಿತ ಕಾಲದ ನಿಯಮವನ್ನೂ ಬೇರೆ ಬೇರೆಯಾಗಿ ಇಟ್ಟಿದ್ದಾರೆ. ಬೆಳಗಿನ ಪಾಳಿಯ ವಾರಗಳಿಗೆ ಮಾತ್ರ ನಿಯಮವನ್ನು ಕೈಕೊಳ್ಳಲು ಅವನಿಗೆ ಅಡ್ಡಿಯಿಲ್ಲ. ಆ ವಾರದ ಸಂಜೆಗಳಲ್ಲಿ ಅವನು ಪಾಲಿಸುವ ತ್ಯಾಗವು, ನೆರಳಿನಲ್ಲಿ ಕುಳಿತು ಬದುಕುವವನ ಆಜೀವ ವ್ರತಕ್ಕಿಂತ ಹಗುರವೆಂದು ಹೇಳುವ ಧೈರ್ಯ ಯಾರಿಗಿದ್ದೀತು?

ಕಡಲ ತೀರದಲ್ಲಿ ರಾತ್ರಿ ತಂಗಿದ ಯಾತ್ರಿಕರಿಗೆ ಮರುದಿನ ಬೆಳಿಗ್ಗೆ ಲೆಕ್ಕವು ತಿರುಗುಮುರುಗಾಗುತ್ತದೆ. ಪಡುವಣದಲ್ಲಿ ಮರೆಯೇ ಇಲ್ಲದ ಆ ನಾಡಿಗೆ ಮೂಡಣದಲ್ಲಿ ಸಹ್ಯಾದ್ರಿಯ ಗೋಡೆಯಿದೆ. ಪಂಚಾಂಗದ ಪ್ರಕಾರ ಉದಯವಾಗಿ ಕೆಲವು ನಿಮಿಷಗಳಾದರೂ ಬಿಂಬವು ಘಟ್ಟದ ಮೇಲೆ ತಲೆಯೆತ್ತಿರುವುದಿಲ್ಲ. ಹಿಂದಿನ ಸಂಜೆ ಕಂಡಷ್ಟು ಹೊತ್ತೂ ಹಗಲೇ ಎಂದು ವಾದಿಸಿದವನು ಈಗ ಕಾಣುವವರೆಗೂ ಕಾಯಬೇಕು, ಅದರ ಮೇಲೆ ಎರಡು ಘಳಿಗೆ. ಬಸ್ಸಿನ ಬಳಿ ಅಷ್ಟು ಹೊತ್ತಿಗೆ ಅಜ್ಜಿ ಸ್ನಾನ ಮುಗಿಸಿ, ಜಪಮಣಿಯನ್ನು ಹಿಡಿದು ಪೂರ್ವಾಭಿಮುಖವಾಗಿ ಕುಳಿತಿರುತ್ತಾಳೆ. ಕುದಿಸಿ ಆರಿಸಿದ ನೀರಿನ ತಂಬಿಗೆ ಪಕ್ಕದಲ್ಲಿ ಮುಚ್ಚಿದಂತೆಯೇ ಇರುತ್ತದೆ.